ಎಸ್‌ಎಂಪಿಎಸ್ ರಿಪೇರಿಗೆ ಯಾವ ಕೆಪಾಸಿಟರ್? ಹಾಕಿ, ಅಳೆದು, ಹೋಲಿಸಿದ್ದು

ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಎಸ್‌ಎಂಪಿಎಸ್‌ನಲ್ಲಿ (ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿಕೊಡುವ ಪೆಟ್ಟಿಗೆಯಲ್ಲಿ) ಫ್ಯಾನ್ ಬಿಟ್ಟರೆ ಸಾಮಾನ್ಯವಾಗಿ ಮೊದಲು ಕೈಕೊಡುವುದು ಔಟ್‌ಪುಟ್ ಬದಿಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ತಲೆ ಉಬ್ಬಿದ ಅಥವಾ ಒಳಗೊಳಗೇ ಒಣಗಿದ ಇವನ್ನು ತೆಗೆದು ಬೇರೆ ಹಾಕಿದರೆ, ಉಳಿದ ಭಾಗಗಳು ಗಟ್ಟಿಯಾಗಿರುವ ಒಳ್ಳೆಯ ಘಟಕವು ಮತ್ತೆ ವರ್ಷಗಟ್ಟಲೆ ದುಡಿಯುತ್ತದೆ. ಆದರೆ ಯಾವ ಬಗೆಯದನ್ನು ಹಾಕಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ಹೊಂದಿದರೆ ಸಾಕು ಎನ್ನುವವರಿದ್ದಾರೆ; ಎಲ್ಲ ಕಡೆಯೂ, ಒಳಗೆ ದ್ರವವಿಲ್ಲದ ಪಾಲಿಮರ್ ಬಗೆಯನ್ನೇ ಹಾಕಿಬಿಡಿ ಎನ್ನುವವರೂ ಇದ್ದಾರೆ. ಒಂದೇ ವಿನ್ಯಾಸದ ಹಳೆಯ ಘಟಕಗಳಲ್ಲಿ ಈ ಬಗೆಗಳನ್ನು ಒಂದೊಂದಾಗಿ ಹಾಕಿ, ಒಂದೇ ಲೋಡ್ ಕೊಟ್ಟು ಅಳೆದು ನೋಡಿದ ಮೇಲೆ, ಇವೆರಡೂ ಸಲಹೆಗಳು ಘಟಕಕ್ಕೆ ಒಳ್ಳೆಯದನ್ನು ಮಾಡುವುದಿಲ್ಲ ಎಂಬ ನಿಲುವಿಗೆ ನಾನು ಬಂದಿದ್ದೇನೆ.

ಅಳತೆಯ ವಿಧಾನವನ್ನು ಮೊದಲು ಹೇಳಿಬಿಡುತ್ತೇನೆ. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಮಾನದಂಡವಾದ ಎಟಿಎಕ್ಸ್ ವಿನ್ಯಾಸ ಮಾರ್ಗಸೂಚಿಯ ಪ್ರಕಾರ 12 ವೋಲ್ಟ್‌ನ ಔಟ್‌ಪುಟ್ ಸಾಲಿನಲ್ಲಿ ರಿಪಲ್, ಅಂದರೆ ಡಿಸಿ ವೋಲ್ಟೇಜಿನ ಮೇಲೆ ಉಳಿಯುವ ಏರಿಳಿತ, ಶಿಖರದಿಂದ ತಳದವರೆಗೆ 120 ಮಿಲಿವೋಲ್ಟ್ ಮೀರಬಾರದು. 5 ಮತ್ತು 3.3 ವೋಲ್ಟ್ ಸಾಲುಗಳಲ್ಲಿ 50 ಮಿಲಿವೋಲ್ಟ್ ಮೀರಬಾರದು. ಅಳೆಯುವಾಗ ಕನೆಕ್ಟರಿನ ಬಳಿ 10 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಮತ್ತು 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರನ್ನು ಪ್ಯಾರಲಲ್ ಆಗಿ ಜೋಡಿಸಿ, ಆಸಿಲೋಸ್ಕೋಪಿನ ಬ್ಯಾಂಡ್‌ವಿಡ್ತ್ ಅನ್ನು 20 ಮೆಗಾಹರ್ಟ್ಸ್‌ಗೆ ಮಿತಗೊಳಿಸಬೇಕು. ನಾನು ಪಾಲಿಸಿದ್ದು ಇದೇ ಕ್ರಮವನ್ನು. ಮಲ್ಟಿಮೀಟರ್ ಮಾತ್ರ ಇಟ್ಟುಕೊಂಡು ಈ ಹೋಲಿಕೆ ಮಾಡಲು ಬರುವುದಿಲ್ಲ, ಏಕೆಂದರೆ ಸರಾಸರಿ ವೋಲ್ಟೇಜ್ ಸರಿಯಾಗಿಯೇ ಇದ್ದು ಅದರ ಮೇಲಿನ ರಿಪಲ್ ಮಿತಿ ದಾಟಿರುವುದು ಸಾಧ್ಯ.

ಮೊದಲು ಹಾಕಿದ್ದು ಸಾಮಾನ್ಯ ಉಪಯೋಗದ, 105 ಡಿಗ್ರಿ ಗುರುತಿನ ಕೆಪಾಸಿಟರ್‌ಗಳನ್ನು. ಎಲ್ಲೆಡೆ ಸುಲಭವಾಗಿ ಸಿಗುವುದರಿಂದ ರಿಪೇರಿ ಮಾಡುವವರ ಕೈ ಮೊದಲು ಹೋಗುವುದು ಇವುಗಳ ಕಡೆಗೇ. ಕೆಪಾಸಿಟೆನ್ಸ್ ಅಳೆದರೆ ಅಂಕಿ ಸರಿಯಾಗಿ ಬರುತ್ತದೆ, ಅಳತೆಯೂ ರಂಧ್ರಗಳಿಗೆ ಹೊಂದುತ್ತದೆ, ಕಂಪ್ಯೂಟರ್ ಕೂಡ ಚಾಲೂ ಆಗುತ್ತದೆ. ಆದರೆ ಇವುಗಳ ಡೇಟಾಶೀಟಿನಲ್ಲಿ 120 ಹರ್ಟ್ಸ್‌ನಲ್ಲಿ ಅಳೆದ ಟ್ಯಾನ್ ಡೆಲ್ಟಾ (ಕೆಪಾಸಿಟರಿನಲ್ಲಿ ಆಗುವ ನಷ್ಟದ ಅಂಕಿ) ಮಾತ್ರ ಇರುತ್ತದೆ; 100 ಕಿಲೋಹರ್ಟ್ಸ್‌ನ ಇಂಪೆಡೆನ್ಸ್ (ಆ ಫ್ರೀಕ್ವೆನ್ಸಿಯಲ್ಲಿ ಒಡ್ಡುವ ಒಟ್ಟು ತಡೆ) ಸಾಮಾನ್ಯವಾಗಿ ಇರುವುದೇ ಇಲ್ಲ. 1000 ಮೈಕ್ರೋಫ್ಯಾರಡ್‌ಗೆ ಟ್ಯಾನ್ ಡೆಲ್ಟಾ 0.16 ಎಂದು ಹಿಡಿದರೆ 120 ಹರ್ಟ್ಸ್‌ನಲ್ಲಿ ಇಎಸ್‌ಆರ್ (ಕೆಪಾಸಿಟರಿನ ಒಳಗೇ ಇರುವ ಸೀರೀಸ್ ರೋಧ) ಸುಮಾರು 0.21 ಓಮ್ ಆಗುತ್ತದೆ. ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಅದು ಇಳಿಯುತ್ತದಾದರೂ, ಎಷ್ಟು ಇಳಿಯುತ್ತದೆ ಎಂಬುದಕ್ಕೆ ತಯಾರಕರು ಯಾವ ಭರವಸೆಯನ್ನೂ ಕೊಟ್ಟಿರುವುದಿಲ್ಲ. ಎಸ್‌ಎಂಪಿಎಸ್‌ನ ಔಟ್‌ಪುಟ್‌ನಲ್ಲಿ ರಿಪಲ್ ಎಷ್ಟಿರುತ್ತದೆ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಈ ಇಎಸ್‌ಆರ್. 2200 ಮೈಕ್ರೋಫ್ಯಾರಡ್‌ನ ಕೆಪಾಸಿಟಿವ್ ರಿಯಾಕ್ಟೆನ್ಸ್ (ಕೆಪಾಸಿಟೆನ್ಸಿನಿಂದ ಬರುವ ತಡೆ) 100 ಕಿಲೋಹರ್ಟ್ಸ್‌ನಲ್ಲಿ ಒಂದು ಮಿಲಿಓಮ್‌ಗಿಂತಲೂ ಕಡಿಮೆ; ಹಾಗಾಗಿ ಮೈಕ್ರೋಫ್ಯಾರಡ್ ಹೆಚ್ಚಿಸಿ ಪ್ರಯೋಜನವಿಲ್ಲ. ನನ್ನ ಪರೀಕ್ಷೆಯಲ್ಲಿ ಲೋಡ್ ಏರಿಸಿದಂತೆ 5 ವೋಲ್ಟ್ ಸಾಲಿನ ರಿಪಲ್ 50 ಮಿಲಿವೋಲ್ಟ್ ಮಿತಿಯನ್ನು ದಾಟಿತು. ಆರಿಸಿದ ಮೇಲೆ ಮುಟ್ಟಿ ನೋಡಿದರೆ ಕೆಪಾಸಿಟರಿನ ಮೈ ಇತರ ಬಗೆಗಳಿಗಿಂತ ಸ್ಪಷ್ಟವಾಗಿ ಹೆಚ್ಚು ಬಿಸಿಯಾಗಿತ್ತು. ಔಟ್‌ಪುಟ್ ಬದಿಗೆ ಇವು ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಪೂರ್ತಿ ವಿರುದ್ಧ ತುದಿಯಲ್ಲಿ ಇರುವುದು ಪಾಲಿಮರ್ ಕೆಪಾಸಿಟರ್. ಸ್ಯಾನ್ಯೋ ಸಂಸ್ಥೆ 1983ರಲ್ಲಿ ಓಎಸ್-ಕಾನ್ ಹೆಸರಿನಲ್ಲಿ ಘನ ಎಲೆಕ್ಟ್ರೋಲೈಟಿನ ಕೆಪಾಸಿಟರ್‌ಗಳನ್ನು ತಂದಾಗಿನಿಂದ ಈ ಜಾತಿಗೆ ಒಳ್ಳೆಯ ಹೆಸರಿದೆ, ಮತ್ತು ಆ ಹೆಸರು ನ್ಯಾಯವಾದದ್ದೇ. ಒಣಗಲು ಒಳಗೆ ದ್ರವವೇ ಇಲ್ಲ. ಇಎಸ್‌ಆರ್ ಹತ್ತು ಮಿಲಿಓಮ್‌ನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ ಇರುತ್ತದೆ. ಆಯುಷ್ಯದ ಲೆಕ್ಕದಲ್ಲಂತೂ ಇದಕ್ಕೆ ಸಾಟಿಯಿಲ್ಲ. ದ್ರವದ ಎಲೆಕ್ಟ್ರೋಲಿಟಿಕ್‌ನ ಆಯುಷ್ಯ ಪ್ರತಿ 10 ಡಿಗ್ರಿ ಇಳಿಕೆಗೆ ಎರಡು ಪಟ್ಟಾದರೆ, ಪಾಲಿಮರ್‌ನದು ಪ್ರತಿ 20 ಡಿಗ್ರಿ ಇಳಿಕೆಗೆ ಹತ್ತು ಪಟ್ಟಾಗುತ್ತದೆ ಎಂಬುದು ತಯಾರಕರು ಬಳಸುವ ಅಂದಾಜು ಸೂತ್ರ.

ಹೀಗಿದ್ದರೂ ಎಲ್ಲ ಕಡೆಯೂ ಪಾಲಿಮರ್ ಹಾಕಿದ ಘಟಕದಿಂದ ನನಗೆ ಸಮಾಧಾನ ಸಿಗಲಿಲ್ಲ. ಸ್ಥಿರವಾದ ಲೋಡಿನಲ್ಲಿ ರಿಪಲ್ ಬಹಳ ಚೆನ್ನಾಗಿ ಇಳಿಯಿತು; ಆದರೆ ಲೋಡ್ ಥಟ್ಟನೆ ಬದಲಾದಾಗ 5 ವೋಲ್ಟ್ ಸಾಲು ಕುಸಿದು ಎದ್ದು, ಹಲವು ಬಾರಿ ಓಲಾಡಿದ ಮೇಲೆ ನೆಲೆಗೊಂಡಿತು. ಲೋಡ್ ಕಡಿಮೆಯಿದ್ದಾಗ ಕಾಯಿಲ್‌ನಿಂದ ಸಣ್ಣಗೆ ಕೀರಲು ಸದ್ದೂ ಬರುತ್ತಿತ್ತು. ಇದರ ಕಾರಣ ತಿಳಿದುಕೊಳ್ಳಲು ಯೋಗ್ಯವಾದದ್ದು. ಔಟ್‌ಪುಟ್ ಕಾಯಿಲ್ ಮತ್ತು ಕೆಪಾಸಿಟರ್ ಸೇರಿ, ಔಟ್‌ಪುಟ್ ವೋಲ್ಟೇಜನ್ನು ಗಮನಿಸಿ ತಿದ್ದುವ ಫೀಡ್‌ಬ್ಯಾಕ್ ಸುತ್ತಿನಲ್ಲಿ ದೊಡ್ಡ ಫೇಸ್ ವಿಳಂಬವನ್ನು (ತಿದ್ದುಪಡಿ ತಡವಾಗುವುದನ್ನು) ಉಂಟುಮಾಡುತ್ತವೆ. ಕೆಪಾಸಿಟರಿನ ಇಎಸ್‌ಆರ್ ಅದರ ಒಂದು ಭಾಗವನ್ನು ಹಿಂದಕ್ಕೆ ಕೊಡುತ್ತದೆ. 2200 ಮೈಕ್ರೋಫ್ಯಾರಡ್, 20 ಮಿಲಿಓಮ್ ಇದ್ದರೆ ಈ ಪರಿಹಾರ ಸುಮಾರು 3.6 ಕಿಲೋಹರ್ಟ್ಸ್‌ನಲ್ಲಿ ಶುರುವಾಗುತ್ತದೆ. ಅದೇ ಜಾಗಕ್ಕೆ 820 ಮೈಕ್ರೋಫ್ಯಾರಡ್, 8 ಮಿಲಿಓಮ್‌ನ ಪಾಲಿಮರ್ ಬಂದರೆ ಅದು ಸುಮಾರು 24 ಕಿಲೋಹರ್ಟ್ಸ್‌ಗೆ ಸರಿದುಹೋಗುತ್ತದೆ. ವಿನ್ಯಾಸಕರು ಹಳೆಯ ಇಎಸ್‌ಆರ್ ಅನ್ನು ನಂಬಿ ಫೀಡ್‌ಬ್ಯಾಕಿನ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳನ್ನು ಆರಿಸಿದ್ದರೆ, ಆ ಊರುಗೋಲನ್ನು ನಾವು ಕಿತ್ತುಕೊಂಡಂತಾಗುತ್ತದೆ. ಪಾಲಿಮರ್‌ಗೆಂದೇ ರೂಪಿಸಿದ ಹೊಸ ಘಟಕಗಳಲ್ಲಿ ಈ ತೊಂದರೆ ಇರುವುದಿಲ್ಲ; ಇದು ಹಳೆಯ ವಿನ್ಯಾಸಕ್ಕೆ ಅದನ್ನು ತಂದು ಹಾಕಿದಾಗಿನ ಮಾತು.

ಮದರ್‌ಬೋರ್ಡಿನ ಪ್ರೊಸೆಸರ್ ಸುತ್ತ ಬಳಸಲೆಂದು ಮಾಡಿದ, ನೀರಿನಂಶ ಹೆಚ್ಚಿರುವ ದ್ರವದ ಅತಿ ಕಡಿಮೆ ಇಂಪೆಡೆನ್ಸಿನ ಬಗೆಯನ್ನೂ ಹಾಕಿ ನೋಡಿದೆ. ರಿಪಲ್ ಮಟ್ಟಿಗೆ ಅದು ಪಾಲಿಮರ್‌ಗೆ ಹತ್ತಿರ ಬಂತು, ಓಲಾಟವೂ ಪಾಲಿಮರ್‌ನಷ್ಟು ಇರಲಿಲ್ಲ. ಆದರೆ ಇವುಗಳ ಆಯುಷ್ಯ 105 ಡಿಗ್ರಿಯಲ್ಲಿ 2000 ಗಂಟೆಗಳ ಸುತ್ತಮುತ್ತ. ಎಸ್‌ಎಂಪಿಎಸ್‌ನ ಒಳಗೆ, ವಿಶೇಷವಾಗಿ ಕನಿಷ್ಠ ಲೋಡಿಗೆಂದು ಇಟ್ಟಿರುವ ರೆಸಿಸ್ಟರ್‌ಗಳ ಪಕ್ಕದಲ್ಲಿ, ಮದರ್‌ಬೋರ್ಡಿಗಿಂತ ಹೆಚ್ಚಿನ ಬಿಸಿ ಇರಬಹುದು. ಕೆಪಾಸಿಟರಿನ ಒಳಬಿಸಿ 65 ಡಿಗ್ರಿ ಎಂದು ಹಿಡಿದರೂ 2000 ಗಂಟೆಯದು 32,000 ಗಂಟೆ ಬಾಳುತ್ತದೆ, 5000 ಗಂಟೆಯದು 80,000 ಗಂಟೆ ಬಾಳುತ್ತದೆ. ದಿನವಿಡೀ ಚಾಲೂ ಇರುವ ಯಂತ್ರದಲ್ಲಿ ಇದು ಮೂರೂವರೆ ವರ್ಷಕ್ಕೂ ಒಂಬತ್ತು ವರ್ಷಕ್ಕೂ ಇರುವ ವ್ಯತ್ಯಾಸ.

ನನ್ನ ಆಯ್ಕೆ ಈ ಎರಡನೆಯ ಲೆಕ್ಕದ್ದು, ಅಂದರೆ ಸ್ವಿಚಿಂಗ್ ಸರ್ಕಿಟ್‌ಗೆಂದೇ ಮಾಡಿದ, ಕಡಿಮೆ ಇಂಪೆಡೆನ್ಸಿನ, ದೀರ್ಘಾಯುಷ್ಯದ ಎಲೆಕ್ಟ್ರೋಲಿಟಿಕ್. ಪ್ಯಾನಾಸಾನಿಕ್‌ನ ಎಫ್‌ಆರ್, ನಿಚಿಕಾನ್‌ನ ಎಚ್‌ಇ, ರೂಬಿಕಾನ್‌ನ ಝಡ್‌ಎಲ್‌ಎಚ್, ನಿಪ್ಪಾನ್ ಕೆಮಿ-ಕಾನ್‌ನ ಕೆವೈ ಸರಣಿಗಳು ಈ ಗುಂಪಿಗೆ ಸೇರುತ್ತವೆ. ಇವುಗಳ ಡೇಟಾಶೀಟಿನಲ್ಲಿ 100 ಕಿಲೋಹರ್ಟ್ಸ್‌ನ ಇಂಪೆಡೆನ್ಸ್ ಸ್ಪಷ್ಟವಾಗಿರುತ್ತದೆ. ಎಫ್‌ಆರ್ ಸರಣಿಗೆ, ಗಾತ್ರವನ್ನು ಅನುಸರಿಸಿ, 5000ದಿಂದ 10,000 ಗಂಟೆಗಳ ಆಯುಷ್ಯವನ್ನು ನಮೂದಿಸಲಾಗಿದೆ. ಇವನ್ನು ಹಾಕಿದ ಘಟಕದಲ್ಲಿ ಎಲ್ಲ ಸಾಲುಗಳ ರಿಪಲ್ ಮಿತಿಗಿಂತ ಬಹಳ ಕೆಳಗೆ ಉಳಿಯಿತು, ಲೋಡ್ ಬದಲಾದಾಗ ವೋಲ್ಟೇಜ್ ಓಲಾಡದೆ ನೆಲೆಗೊಂಡಿತು, ಸದ್ದೂ ಇರಲಿಲ್ಲ. ಮೂಲ ಕೆಪಾಸಿಟರಿನ ಸರಣಿಯ ಹೆಸರನ್ನು ಅದರ ಮೈಮೇಲೆ ಓದಿ, ಅದರ ಡೇಟಾಶೀಟ್ ತೆಗೆದು, ಅಷ್ಟೇ ಅಥವಾ ಅದಕ್ಕಿಂತ ಕೊಂಚ ಕಡಿಮೆ ಇಂಪೆಡೆನ್ಸ್ ಇರುವುದನ್ನು ಆರಿಸುವುದು ನಾನು ಕಂಡ ಅತ್ಯಂತ ಭರವಸೆಯ ದಾರಿ. ವ್ಯಾಸ ಮತ್ತು ಕಾಲುಗಳ ಅಂತರವನ್ನೂ ನೋಡಿಕೊಳ್ಳಬೇಕು: 8 ಮಿಲಿಮೀಟರ್ ವ್ಯಾಸದ್ದಕ್ಕೆ ಅಂತರ 3.5 ಮಿಲಿಮೀಟರ್, 10 ಮಿಲಿಮೀಟರಿನದಕ್ಕೆ 5. ಎತ್ತರ ಹೆಚ್ಚಾದರೆ ಮುಚ್ಚಳಕ್ಕೋ ಹೀಟ್‌ಸಿಂಕಿಗೋ ತಾಗುತ್ತದೆ.

ಹಳೆಯ ಬೋರ್ಡುಗಳಿಂದ ಬಿಚ್ಚಿದ ಕೆಪಾಸಿಟರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಎಸ್‌ಆರ್ ಮೀಟರಿನಲ್ಲಿ ಚೆನ್ನಾಗಿ ಕಂಡರೂ ಎಷ್ಟು ಆಯುಷ್ಯ ಸವೆದಿದೆ ಎಂದು ತಿಳಿಯಲು ದಾರಿಯಿಲ್ಲದ ವಸ್ತುವನ್ನು ಇಷ್ಟು ಶ್ರಮಪಟ್ಟು ಬೆಸೆಯುವುದು ನನಗೆ ಸರಿಯೆನಿಸುವುದಿಲ್ಲ.

ಹೋಲಿಕೆಯಲ್ಲಿ ಅನೇಕರು ಬಿಟ್ಟುಬಿಡುವ ಒಂದು ಜಾಗವೆಂದರೆ 5 ವೋಲ್ಟ್ ಸ್ಟ್ಯಾಂಡ್‌ಬೈ ವಿಭಾಗ. ಪ್ಲಗ್ ಹಾಕಿದ್ದಷ್ಟು ಹೊತ್ತೂ, ಫ್ಯಾನ್ ತಿರುಗದಿದ್ದಾಗಲೂ, ಈ ವಿಭಾಗ ಕೆಲಸ ಮಾಡುತ್ತಲೇ ಇರುತ್ತದೆ. ತಾನೇ ಆಂದೋಲಿಸುವ ಕೆಲವು ಹಳೆಯ ಸ್ಟ್ಯಾಂಡ್‌ಬೈ ಸರ್ಕಿಟ್‌ಗಳಲ್ಲಿ, ಬಿಸಿ ಭಾಗಗಳ ನಡುವೆ ಕುಳಿತ ಪುಟ್ಟದೊಂದು ಕೆಪಾಸಿಟರ್ ಒಣಗಿದರೆ, ಸ್ಟ್ಯಾಂಡ್‌ಬೈ ವೋಲ್ಟೇಜ್ ಏರಿ ಮದರ್‌ಬೋರ್ಡನ್ನೇ ಸುಡುವ ಅಪಾಯವಿದೆ. ಉಬ್ಬದ ಕಾರಣ ಅದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಔಟ್‌ಪುಟ್ ಕೆಪಾಸಿಟರ್‌ಗಳನ್ನು ಬದಲಿಸುವವರು ಇದನ್ನೂ ತಪ್ಪದೆ ಬದಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇಲ್ಲಿಯೂ ನನಗೆ ಒಪ್ಪಿಗೆಯಾದದ್ದು ಅದೇ ದೀರ್ಘಾಯುಷ್ಯದ ಬಗೆ.

ಪ್ರೈಮರಿ ಬದಿಯ, ಅಂದರೆ ಮುಖ್ಯ ಸರಬರಾಜಿನ ಕಡೆಯ, ದೊಡ್ಡ ಕೆಪಾಸಿಟರ್‌ಗಳು ಅಪರೂಪಕ್ಕೆ ಮಾತ್ರ ಕೆಡುತ್ತವೆ. ಬದಲಿಸಬೇಕಾದಲ್ಲಿ ಅದೇ ವೋಲ್ಟೇಜಿನ, 105 ಡಿಗ್ರಿಯದನ್ನು ಹಾಕಿದರೆ ಸಾಕು. ಬದಲಿಸದಿದ್ದರೂ ಇವುಗಳ ಬಗ್ಗೆ ಭಯ ಇರಬೇಕು: 230 ವೋಲ್ಟ್ ಸರಬರಾಜಿನಲ್ಲಿ ಇವುಗಳ ಮೇಲೆ ಒಟ್ಟು ಸುಮಾರು 325 ವೋಲ್ಟ್ ನಿಲ್ಲುತ್ತದೆ, ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ತಿದ್ದುವ ಸರ್ಕಿಟ್) ಇದ್ದರೆ 380 ದಾಟುವುದೂ ಉಂಟು, ಮತ್ತು ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಒಂದೆರಡು ಕಿಲೋಓಮ್‌ನ, ಐದು ವ್ಯಾಟ್‌ನ ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆಯ ಹತ್ತಿರ ಬಂದದ್ದನ್ನು ನೋಡಿದ ನಂತರವೇ ಬೋರ್ಡಿಗೆ ಕೈ ಹಾಕಬೇಕು.

ಕೆಲಸ ಮುಗಿದ ಮೇಲೆ ಘಟಕವನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸಬಾರದು. ಧ್ರುವಗಳ ಗುರುತನ್ನು ಮತ್ತೊಮ್ಮೆ ನೋಡಿ, ಮುಖ್ಯ ಸರಬರಾಜಿನ ಸಾಲಿನಲ್ಲಿ ಫಿಲಮೆಂಟ್ ಬಲ್ಬೊಂದನ್ನು ಸೀರೀಸ್ ಆಗಿ ಇಟ್ಟು ಮೊದಲು ಚಾಲೂ ಮಾಡಬೇಕು; ಬಲ್ಬು ಒಮ್ಮೆ ಹೊಳೆದು ಮಂಕಾಗದೆ ಪ್ರಖರವಾಗಿಯೇ ಉಳಿದರೆ ಎಲ್ಲೋ ಶಾರ್ಟ್ ಇದೆಯೆಂದರ್ಥ. ಅದು ಸರಿಯಿದ್ದರೆ ಮುಖ್ಯ ಭಾಗವನ್ನು ಇನ್ನೂ ಆನ್ ಮಾಡದೆ ಸ್ಟ್ಯಾಂಡ್‌ಬೈ ವೋಲ್ಟೇಜನ್ನು ಅಳೆದು, ಅದು 4.75ರಿಂದ 5.25ರ ಒಳಗಿದ್ದರೆ ಬಲ್ಬನ್ನು ತೆಗೆದು, ರೆಸಿಸ್ಟರ್ ಲೋಡಿನ ಮೇಲೆ ಕೆಲವು ಗಂಟೆ ಓಡಿಸಿ, ಬಿಸಿಯೇರಿದ ಸ್ಥಿತಿಯಲ್ಲಿಯೇ ರಿಪಲ್ ಅನ್ನು ಮತ್ತೆ ಅಳೆಯಬೇಕು.