ಡೆಬಿಯನ್ 12ರ ಮೇಲೆ ಹೊಸ ಸಾಫ್ಟ್‌ವೇರ್: ನಾಲ್ಕು ದಾರಿ ಹೋಲಿಸಿ ನೋಡಿದಾಗ

ದಾವಣಗೆರೆಯ ಪಿ.ಜೆ. ಬಡಾವಣೆಯಂಥ ಕಡೆ ಡಿಟಿಪಿ ಕೆಲಸಕ್ಕೆ 4 ಜಿಬಿ ರ‍್ಯಾಮ್‌ನ ಹಳೆ ಕಂಪ್ಯೂಟರಿಗೆ ಡೆಬಿಯನ್ 12 (ಲಿನಕ್ಸ್ ಆಧಾರಿತ ಉಚಿತ ಆಪರೇಟಿಂಗ್ ಸಿಸ್ಟಂ; ಈ ಆವೃತ್ತಿಯ ಅಡ್ಡಹೆಸರು 'ಬುಕ್‌ವರ್ಮ್') ಹಾಕಿದರೆ ಅದು ವರ್ಷಗಟ್ಟಲೆ ಕೈಕೊಡುವುದಿಲ್ಲ. ಆದರೆ ಲಿಬ್ರೆಆಫೀಸ್ 7.4ಕ್ಕೆ, ಚಿತ್ರ ತಿದ್ದುವ ಗಿಂಪ್ 2.10ಕ್ಕೆ, ಸಿಸ್ಟಂನ ತಿರುಳಾದ ಕರ್ನೆಲ್ 6.1ಕ್ಕೆ ನಿಂತಿರುತ್ತದೆ. ಹೊಸತು ಬೇಕೆಂದಾಗ ಮೊದಲ ಆಯ್ಕೆ ಡೆಬಿಯನ್‌ನದೇ ಹೆಚ್ಚುವರಿ ಭಂಡಾರವಾದ ಬ್ಯಾಕ್‌ಪೋರ್ಟ್ಸ್ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬ್ಯಾಕ್‌ಪೋರ್ಟ್ಸ್‌ನಲ್ಲಿರುವುದು ಡೆಬಿಯನ್‌ನ ಮುಂದಿನ ಆವೃತ್ತಿಯ ಪ್ಯಾಕೇಜ್‌ಗಳೇ (ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಕಟ್ಟುಗಳು), ಆದರೆ 12ರ ಲೈಬ್ರರಿಗಳ ಮೇಲೆ ಮತ್ತೆ ಕಟ್ಟಿದವು. ಇದರ ಆದ್ಯತೆ 100, ಮೂಲ ಭಂಡಾರದ್ದು 500. ಹಾಗಾಗಿ ಭಂಡಾರಗಳ ಪಟ್ಟಿಗೆ ಅದರ ಸಾಲು ಸೇರಿಸಿದ ಮಾತ್ರಕ್ಕೆ ಏನೂ ಬದಲಾಗದು, ಪ್ಯಾಕೇಜ್ ತರುವ 'ಆಪ್ಟ್' ಆದೇಶದಲ್ಲಿ ಹೆಸರಿಟ್ಟು ಕೇಳಬೇಕು: 'ಆಪ್ಟ್ ಇನ್‌ಸ್ಟಾಲ್ -ಟಿ ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್ ಲಿಬ್ರೆಆಫೀಸ್'. ಅದಕ್ಕೂ ಮೊದಲು '-ಎಸ್' ಸೇರಿಸಿ ಓಡಿಸಿ. ಏನೂ ಇನ್‌ಸ್ಟಾಲ್ ಆಗದೆ, ಆಗಲಿರುವುದರ ಪಟ್ಟಿ ಬರುತ್ತದೆ. ತೆಗೆದುಹಾಕುವ ಪಟ್ಟಿಯಲ್ಲಿ ಡೆಸ್ಕ್‌ಟಾಪ್‌ನ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ. ಹೊಸ ವೈಫೈ ಚಿಪ್ ಗುರುತು ಸಿಗದಿದ್ದರೆ 6.12 ಕರ್ನೆಲ್ ಇಲ್ಲಿಂದಲೇ ಹಾಕಿ. ಹಳೆಯ ಕರ್ನೆಲ್ ಅಳಿಸಬೇಡಿ, ಹೊಸದು ಬೂಟ್ ಆಗದಿದ್ದರೆ ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಅದೇ ಆಸರೆ.

ಬ್ಯಾಕ್‌ಪೋರ್ಟ್ಸ್‌ನಲ್ಲಿ ಸಿಗದ್ದಕ್ಕೆ ಫ್ಲಾಟ್‌ಪ್ಯಾಕ್, ಅಂದರೆ ಆ್ಯಪ್‌ಗಳನ್ನು ಸಿಸ್ಟಂನಿಂದ ಬೇರೆಯಾಗಿಟ್ಟು ಓಡಿಸುವ ವ್ಯವಸ್ಥೆ. ಗಿಂಪ್ 3 ಬೇಕಿದ್ದರೆ ಅದರ ಆ್ಯಪ್ ಭಂಡಾರವಾದ ಫ್ಲಾಟ್‌ಹಬ್‌ನಿಂದ ತರುವುದೇ ಸರಿ. ಮೊದಲ ಆ್ಯಪ್‌ನ ಜೊತೆ ರನ್‌ಟೈಮ್ (ಆ್ಯಪ್ ಓಡಲು ಬೇಕಾದ ಲೈಬ್ರರಿಗಳ ಕಟ್ಟು) ಕೂಡ ಇಳಿಯುವುದರಿಂದ ನೂರಾರು ಎಂಬಿ ಡೇಟಾ ಬೇಕು. ಅದೇ ರನ್‌ಟೈಮ್ ಬಳಸುವ ಮುಂದಿನ ಆ್ಯಪ್‌ಗೆ ಅಷ್ಟು ಬೇಡ. ಗಿರಾಕಿಯ ಪೆನ್‌ಡ್ರೈವ್ ಕೆಲವು ಆ್ಯಪ್‌ಗಳಿಗೆ ಕಾಣದು: ಪೆನ್‌ಡ್ರೈವ್ ಕೂರುವುದು '/ಮೀಡಿಯಾ' ಅಡಿ, ಆ್ಯಪ್‌ಗೆ ಇರುವುದು ಹೋಮ್ ಫೋಲ್ಡರಿನ ಅನುಮತಿ ಮಾತ್ರ. 'ಫ್ಲಾಟ್‌ಪ್ಯಾಕ್ ಓವರ್‌ರೈಡ್'ನಲ್ಲಿ ಆ ಜಾಗ ತೆರೆದರೆ ಸರಿಹೋಗುತ್ತದೆ. ಹೊಸದಾಗಿ ಹಾಕಿದ ಕನ್ನಡ ಫಾಂಟ್ ಕಾಣದಿದ್ದರೆ ಆ್ಯಪ್ ಮುಚ್ಚಿ ತೆರೆಯಿರಿ.

ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಫ್ಲಾಟ್‌ಪ್ಯಾಕ್ ಗಟ್ಟಿ. ಹೊಸ ಆವೃತ್ತಿ ಪೂರ್ತಿ ಇಳಿಯುವವರೆಗೂ ಹಳೆಯದು ಹಾಗೇ ಉಳಿಯುತ್ತದೆ. ಆಪ್ಟ್ ಅರ್ಧಕ್ಕೆ ನಿಂತಿದ್ದರೆ 'ಡಿಪಿಕೆಜಿ --ಕಾನ್ಫಿಗರ್ -ಎ' ಓಡಿಸಬೇಕು. ಯುಪಿಎಸ್ ಇಲ್ಲದ ಕಡೆ ಈ ವ್ಯತ್ಯಾಸ ಚಿಕ್ಕದಲ್ಲ.

ಮೂರನೆಯ ದಾರಿ ಆ್ಯಪ್‌ಇಮೇಜ್: ಇಡೀ ಆ್ಯಪ್ ಒಂದೇ ಫೈಲು, ಓಡಿಸುವ ಅನುಮತಿ ಕೊಟ್ಟರಾಯಿತು. ತೆರೆಯದಿದ್ದರೆ ಬಹುಪಾಲು 'ಲಿಬ್‌ಫ್ಯೂಸ್2' ಎಂಬ ಲೈಬ್ರರಿ ಇಲ್ಲದ್ದೇ ಕಾರಣ. ಸಾಮಾನ್ಯವಾಗಿ ತಾನಾಗಿ ಅಪ್‌ಡೇಟ್ ಆಗದ್ದರಿಂದ ಒಂದೆರಡು ದಿನದ ಪರೀಕ್ಷೆಗೆ ಸಾಕು, ದಿನನಿತ್ಯಕ್ಕೆ ಬೇಡ.

ನಾಲ್ಕನೆಯದು 'ಟೆಸ್ಟಿಂಗ್' (ಇನ್ನೂ ತಯಾರಾಗುತ್ತಿರುವ ಮುಂದಿನ ಡೆಬಿಯನ್) ಭಂಡಾರದ ಸಾಲನ್ನು 12ಕ್ಕೆ ಬೆರೆಸುವುದು. ದಯವಿಟ್ಟು ಮಾಡಬೇಡಿ. ಒಂದು ಚಿಕ್ಕ ಪ್ಯಾಕೇಜ್ ಕೇಳಿದರೂ ಅದು 'ಲಿಬ್‌ಸಿ6' ಎಂಬ ಮೂಲ ಲೈಬ್ರರಿಯ ಹೊಸ ಆವೃತ್ತಿಯನ್ನು ಎಳೆದು ತರಬಹುದು. ಸಿಸ್ಟಂನ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ನಿಂತಿರುವುದು ಅದರ ಮೇಲೆಯೇ. ಆಮೇಲೆ ಹಿಂದಿನ ಆವೃತ್ತಿಗೆ ಇಳಿಸುವುದಕ್ಕೆ ಡೆಬಿಯನ್‌ನ ಬೆಂಬಲವಿಲ್ಲ. 1000ಕ್ಕಿಂತ ಹೆಚ್ಚಿನ ಪಿನ್ (ನಾವೇ ನಿಗದಿಪಡಿಸುವ ಆದ್ಯತೆ) ಕೊಟ್ಟು ಬಲವಂತವಾಗಿ ಇಳಿಸಿದರೂ ಕಾನ್ಫಿಗರೇಷನ್ ಫೈಲುಗಳು ಹೊಸ ರೂಪದಲ್ಲೇ ಉಳಿದು, ಸೇವೆಗಳು ಒಂದೊಂದಾಗಿ ಏಳದಂತಾಗಬಹುದು. ಈಗಾಗಲೇ ಬೆರೆಸಿದ್ದರೆ ಹೋಮ್ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲಿಸಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ.