ಹಳೇ ಪಂಚೆಯಲ್ಲಿ ಬಿಯರ್ ಚೀಲ ಹೊಲಿಯೋಕೆ ಹೋಗಬೇಡಿ

ಹೋದ ಚಳಿಗಾಲದಲ್ಲಿ ನನ್ನ ಎಡಗಾಲಿನ ಮೇಲೆ 67 ಡಿಗ್ರಿ ಬಿಸಿಯ ಮಾಲ್ಟ್ ನೀರು ಸುರಿಯಿತು. ಬಿಯರ್ ಮಾಡಲು ನಾನೇ ಹೊಲಿದಿದ್ದ ಬಟ್ಟೆ ಚೀಲದ ತಳ ಕಿತ್ತುಹೋಗಿತ್ತು. ಇಲ್ಲಿ ಮೆಲ್ಬರ್ನಿನಲ್ಲಿ ಮನೇಲೇ ಬಿಯರ್ ಮಾಡುವ ನಮ್ಮವರು ನಾಲ್ಕೈದು ಮಂದಿ ನನಗೆ ಗೊತ್ತು. ಮೊನ್ನೆ ಅವರಲ್ಲೊಬ್ಬರು "ಮನೇಲಿ ಹತ್ತಿ ಬಟ್ಟೆ ಇದೆ, ಅದರಲ್ಲೇ ಹೊಲೀತೀನಿ" ಅಂದರು. ಎದೆ ಝಲ್ ಅಂತು. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ತರಿತರಿಯಾಗಿ ಒಡೆದು 65ರಿಂದ 68 ಡಿಗ್ರಿ ನೀರಲ್ಲಿ ಒಂದು ಗಂಟೆ ನೆನೆಸಿದರೆ ಪಿಷ್ಟವೆಲ್ಲ ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ದೊಡ್ಡ ಪಾತ್ರೆಯೊಳಗೆ ಬಟ್ಟೆ ಚೀಲ ಹಾಸಿ ಅದರಲ್ಲೇ ಕಾಳು ನೆನೆಸಿ, ಆಮೇಲೆ ಚೀಲ ಎತ್ತಿಬಿಟ್ಟರೆ ಸೋಸುವ ಕೆಲಸ ಮುಗಿಯಿತು. ಈ ಪದ್ಧತಿ ಬೆಳೆದಿದ್ದೇ ಆಸ್ಟ್ರೇಲಿಯಾದಲ್ಲಿ, 2000ದ ದಶಕದಲ್ಲಿ. ಇಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿ ಇಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮಾಡುವಂತಿಲ್ಲ, ಊರಲ್ಲಿರುವವರು ಅದನ್ನು ನೆನಪಿಡಿ.

ನನಗೆ ಪಂಚೆ ಯಾಕೆ ಹೊಳೆಯಿತು ಅಂದರೆ, ಅಮ್ಮ ಹುರುಳಿಕಾಳು ಮೊಳಕೆ ಕಟ್ಟುತ್ತಿದ್ದಿದ್ದು, ಮೊಸರು ಸೋಸುತ್ತಿದ್ದಿದ್ದು ಎಲ್ಲ ಹಳೇ ಪಂಚೆ ತುಂಡಿನಲ್ಲೇ. ಒಗೆದು ಒಗೆದು ಮೆತ್ತಗಾದ ಬಟ್ಟೆ, ಬಣ್ಣ ಬಿಡುವ ಭಯವಿಲ್ಲ. ಚೆನ್ನಾಗಿ ಕುದಿಸಿ ಒಣಗಿಸಿ, ಪಾತ್ರೆಯ ಅಳತೆಗೆ ದುಂಡಗೆ ತಳ ಕತ್ತರಿಸಿ, ಸುತ್ತ ಒಂದು ಸಾಲು ಹೊಲಿಗೆ ಹಾಕಿದೆ. ಡಬ್ಬಿಯಲ್ಲಿದ್ದ ಹತ್ತಿ ದಾರ. ಅಂಚಿಗೆ ಬಿಟ್ಟಿದ್ದು ಕಾಲು ಇಂಚು.

ಆದರೆ ಮೊಳಕೆ ಕಟ್ಟುವ ಬಟ್ಟೆ ಹೊರುವುದು ಅರ್ಧ ಕೆಜಿ ಕಾಳು. ಇಲ್ಲಿದ್ದಿದ್ದು 5 ಕೆಜಿ ಮಾಲ್ಟ್, 33 ಲೀಟರ್ ನೀರು. ಜೊತೆಗೆ ಹತ್ತಿಯ ನೂಲು ನೆನೆದರೆ ಊದಿಕೊಳ್ಳುತ್ತದೆ. ಪಂಚೆಯ ನೇಯ್ಗೆ ಮೊದಲೇ ಒತ್ತು. ಊದಿದ ನೂಲಿನ ಸಂದಿಗೆ ಮಾಲ್ಟ್ ಹಿಟ್ಟು ಅಂಟಿನ ಹಾಗೆ ಕೂತರೆ ನೀರು ಇಳಿಯಲು ದಾರಿಯೇ ಇರುವುದಿಲ್ಲ. ಸರಿಯಾದ ಚೀಲ ಎತ್ತುತ್ತಿದ್ದ ಹಾಗೆ ನೀರು ಜರ್ರನೆ ಇಳಿದು, ಕೈಗೆ ಹತ್ತು ಕೆಜಿ ಆಸುಪಾಸು ಉಳಿಯುತ್ತದೆ. ನನ್ನದರಲ್ಲಿ ನೀರೆಲ್ಲ ಒಳಗೇ ನಿಂತಿತ್ತು. 20 ಕೆಜಿಗಿಂತ ಜಾಸ್ತಿಯೇ ಇತ್ತು ಅಂತ ನನ್ನ ಅಂದಾಜು.

ಎತ್ತಿದಾಗ ತಳ ಬುರುಡೆ ಸೋರೆಕಾಯಿ ಹಾಗೆ ಉಬ್ಬಿ ಕೆಳಗೆ ಜೋತುಬಿತ್ತು. ಸುತ್ತ ಹನಿ ಹನಿ ಮಾತ್ರ ತೊಟ್ಟಿಕ್ಕುತ್ತಿತ್ತು. ಸೋರಲಿ ಅಂತ ಹಿಡಿದು ನಿಂತೆ. ತೋಳು ನಡುಗಲು ಶುರುವಾಯಿತು. ಪಕ್ಕದ ಬಕೆಟ್ಟಿಗೆ ಇಟ್ಟುಬಿಡೋಣ ಅಂತ ಪಾತ್ರೆಯ ಅಂಚು ದಾಟಿಸಿದೆ, ಪರ್ರ್ ಅಂತ ಸದ್ದು ಬಂತು. ಹೊಲಿಗೆ ಒಂದು ಕಡೆಯಿಂದ ಬಿಚ್ಚುತ್ತಾ ಹೋಗಿ ಕಾಳು ನೀರು ಎಲ್ಲ ಒಟ್ಟಿಗೆ ಕಾಲಿನ ಮೇಲೆ ಬಿತ್ತು. ಹಾಕಿದ್ದಿದ್ದು ಕಾಲುಚೀಲ, ಚಪ್ಪಲಿ. ಕಾಲುಚೀಲ ಬಿಸಿನೀರು ಹೀರಿಕೊಂಡು ಚರ್ಮಕ್ಕೆ ಅಂಟಿ ನಿಂತಿತು. 60 ಡಿಗ್ರಿ ನೀರು ಐದು ಸೆಕೆಂಡಿನಲ್ಲೇ ಆಳವಾಗಿ ಸುಡಬಲ್ಲದು. ಕುದಿಯುತ್ತಿಲ್ಲವಲ್ಲ ಅಂತ ಸಸಾರ ಮಾಡಬೇಡಿ.

ನನ್ನ ಹೆಂಡತಿ ಓಡಿ ಬಂದು, "ರೀ, ಮೊದಲು ನಲ್ಲಿ ಕೆಳಗೆ ಕಾಲಿಡಿ, ಆಮೇಲೆ ಮಾತಾಡಿ" ಅಂದಳು. ನೀರು ಬಿಟ್ಟುಕೊಂಡೇ ಕಾಲುಚೀಲ ತೆಗೆದಳು, ಪೂರ್ತಿ 20 ನಿಮಿಷ ಹಿಡಿದು ಕೂರಿಸಿದಳು. ಅರಿಶಿನ, ಟೂತ್‌ಪೇಸ್ಟ್, ಐಸ್ ಯಾವುದನ್ನೂ ಹಚ್ಚಲು ಬಿಡಲಿಲ್ಲ. ಡಾಕ್ಟರ್ ಕೂಡ ಕಾಲು ಉಳಿದಿದ್ದು ಆ ನೀರಿನಿಂದಲೇ ಅಂದರು. ಆದರೂ ಮೂರು ವಾರ ಬ್ಯಾಂಡೇಜು. ಚೀಲ ಹರಿಯುವ ಸ್ವಲ್ಪ ಮುಂಚೆ ನಮ್ಮ ಮಗಳು ಅದೇ ಜಾಗದಲ್ಲಿ ನಿಂತು "ಅಪ್ಪಾ, ಹಾರ್ಲಿಕ್ಸ್ ವಾಸನೆ" ಅಂತಿದ್ದಳು. ಅದನ್ನು ನೆನೆಸಿಕೊಂಡರೆ ಈಗಲೂ ನಿದ್ದೆ ಹಾರಿಹೋಗುತ್ತದೆ.

ಈಗ ನನ್ನ ಚೀಲ ಪಾಲಿಯೆಸ್ಟರ್ ವಾಯ್ಲ್‌ನದು, ಕಿಟಕಿಗೆ ಹಾಕುವ ತೆಳ್ಳನೆ ಬಿಳಿ ಪರದೆ ಬಟ್ಟೆ. ನೆನೆದರೂ ಊದುವುದಿಲ್ಲ. ಅಂಗಡಿಯಲ್ಲಿ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಬೇಕು. ಬಣ್ಣದ್ದು, ಮಿಂಚಿನದು ಬೇಡ. ದಾರವೂ ಪಾಲಿಯೆಸ್ಟರೇ ಇರಲಿ. ಬಟ್ಟೆಗಿಂತ ಮುಖ್ಯ ಕತ್ತರಿಸುವ ರೀತಿ. ತಳಕ್ಕೆ ಬೇರೆ ತುಂಡು ಹಾಕಲೇಬೇಡಿ. ಒಂದೇ ಉದ್ದ ಬಟ್ಟೆಯನ್ನು ನಡುವೆ ಮಡಚಿ ಎರಡು ಪಕ್ಕ ಮಾತ್ರ ಹೊಲಿಯಿರಿ. ತಳದಲ್ಲಿ ಹೊಲಿಗೆಯೇ ಇಲ್ಲದಿದ್ದರೆ ಭಾರ ಬಟ್ಟೆ ಮೇಲೆ ಬೀಳುತ್ತದೆ. ಪಕ್ಕದ ಹೊಲಿಗೆಯನ್ನು ಅಂಚು ಒಳಗೆ ಮಡಚಿ ಎರಡು ಸಲ ಹಾಕಿ. ಬ್ಯಾಗಿನ ಪಟ್ಟಿ ಸಿಗುತ್ತದಲ್ಲ, ಅದನ್ನು ತಳದ ಅಡಿಯಿಂದ ಸುತ್ತಿ ತಂದು ಮೇಲೆ ಹಿಡಿಕೆ ಮಾಡಿ. ನನ್ನ ಪಾತ್ರೆ 38 ಸೆಂಟಿಮೀಟರ್ ಅಗಲ, 36 ಎತ್ತರ, ಸುಮಾರು 40 ಲೀಟರಿನದು. ಅದಕ್ಕೆ 150 ಸೆಂಟಿಮೀಟರ್ ಉದ್ದ, 68 ಅಗಲದ ಬಟ್ಟೆ ಬೇಕಾಯಿತು. ಮಡಚಿ ಹೊಲಿದ ಮೇಲೆ ಬಾಯಿ ಪಾತ್ರೆಯ ಅಂಚಿನಿಂದ ಆಚೆ ಇಳಿಬೀಳುತ್ತದೆ.

ಇನ್ನೊಂದು, ಪಾಲಿಯೆಸ್ಟರ್ ಚೀಲ ತಳಕ್ಕೆ ತಾಗಿದ್ದಾಗ ಗ್ಯಾಸ್ ಹಚ್ಚಬೇಡಿ, ಕರಗಿ ತೂತಾಗುತ್ತದೆ. ಬಿಸಿ ಮಾಡಲೇಬೇಕಿದ್ದರೆ ಪಾತ್ರೆಯೊಳಗೆ ಚೀಲದ ಅಡಿಯಲ್ಲಿ ಕುಕ್ಕರಿನ ತೂತಿನ ತಟ್ಟೆ ಇಡಿ.

ಎತ್ತುವಾಗ ಗ್ಯಾಸ್ ಆಫ್ ಇರಲಿ, ಕಾಲಿಗೆ ಶೂ ಇರಲಿ, ಮಕ್ಕಳು ಒಳಗಿರಲಿ. ನಾನೀಗ ಗರಾಜಿನ ತೊಲೆಗೆ ರಾಟೆ ಕಟ್ಟಿ ಹಗ್ಗದಲ್ಲಿ ಎತ್ತುತ್ತೇನೆ, ಪಾತ್ರೆಯ ಮೇಲೇ ಹತ್ತು ನಿಮಿಷ ನೇತುಬಿಡುತ್ತೇನೆ, ಅಂಚು ದಾಟಿಸುವುದು ಆಮೇಲೆ. ಹೊಸ ಚೀಲ ಹೊಲಿದರೆ ಮೊದಲು 10 ಕೆಜಿ ಅಕ್ಕಿ ಮೂಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗೆ ಇಟ್ಟು, ನೀರು ಹೊಯ್ದು ಅರ್ಧ ಗಂಟೆ ತೂಗುಹಾಕಿ. ಒಂದು ಮೂಟೆ ತಡೆದರೆ ಎರಡು ಹಾಕಿ ನೋಡಿ. ಇಳಿಸಿದ ಮೇಲೆ ಹೊಲಿಗೆಯನ್ನು ಬೆರಳಲ್ಲಿ ಎಳೆದು ನೋಡಿ, ಸೂಜಿ ತೂತು ಅಗಲವಾಗಿದ್ದರೆ ಬಿಚ್ಚಿ ಮತ್ತೆ ಹೊಲಿಯಿರಿ.