ತಿಂಗಳ ಫೆಂಗ್ ಶೂಯಿ: ಪ್ರಾಣಿ ಭವಿಷ್ಯವೋ, ಬಾಗಿಲಿನ ಬಾಗುವಾನೋ, ಕಂಪಾಸಿನ ನಕ್ಷೆಯೋ?

ಫೆಂಗ್ ಶೂಯಿ ಎಂದರೆ ಚೀನೀಯರ ವಾಸ್ತು. ಒಂದೇ ಮನೆಗೆ, ಒಂದೇ ತಿಂಗಳಿಗೆ ಸಲಹೆ ಕೇಳಿದರೆ ಅದರ ಮೂರು ಪದ್ಧತಿಗಳು ಮೂರು ಬೇರೆ ಮೂಲೆ ತೋರಿಸುತ್ತವೆ. ಯಾವುದರಿಂದ ಅದೃಷ್ಟ ಕುದುರಿತು ಎಂದು ಅಳೆಯುವ ಟೇಪು ಯಾರ ಬಳಿಯೂ ಇಲ್ಲ. ಹಾಗಾಗಿ ಇಲ್ಲಿ ಮೂರನ್ನೂ ಒಂದೇ ಒರೆಗೆ ಹಚ್ಚಿದ್ದೇವೆ: ಇಬ್ಬರು ಬೇರೆ ಬೇರೆ ಕೂತು ಲೆಕ್ಕ ಹಾಕಿದರೆ ಒಂದೇ ಉತ್ತರ ಬರುತ್ತದೆಯೇ? ಉದಾಹರಣೆಗೆ 2026, ಅಂದರೆ ಚೀನೀ ಪಂಚಾಂಗದ ಕುದುರೆಯ ವರ್ಷ.

ಹೆಚ್ಚು ಜನ ಓದುವುದು ಹುಟ್ಟಿದ ವರ್ಷಕ್ಕೊಂದು ಪ್ರಾಣಿಯಂತೆ ಹೇಳುವ ಹನ್ನೆರಡು ಪ್ರಾಣಿಗಳ ಮಾಸ ಭವಿಷ್ಯ. ಇದು ಮೊದಲು ಎಡವುವುದು ಹುಟ್ಟಿದ ವರ್ಷದಲ್ಲೇ. 1990ರ ಜನವರಿ 30ರಂದು ಹುಟ್ಟಿದವರು ಚಾಂದ್ರಮಾನದ ಪ್ರಕಾರ ಕುದುರೆ, ಏಕೆಂದರೆ ಚೀನೀ ಹೊಸ ವರ್ಷ ಜನವರಿ 27ಕ್ಕೇ ಬಂದಿತ್ತು. ಸೌರಮಾನದ ಪ್ರಕಾರ ಅವರಿನ್ನೂ ಹಾವು. ಆ ಲೆಕ್ಕದಲ್ಲಿ ವರ್ಷ ಬದಲಾಗುವುದು ಫೆಬ್ರವರಿ 4ರ ಸುಮಾರಿಗೆ ಬರುವ ಲಿ ಚುನ್ ದಿನ. ಚಾಂದ್ರಮಾನ ಯುಗಾದಿ, ಸೌರಮಾನ ಯುಗಾದಿ ಎರಡನ್ನೂ ಬಲ್ಲವರಿಗೆ ಈ ಗೊಂದಲ ಹೊಸದಲ್ಲ. ಪ್ರಾಣಿ ಪಟ್ಟಿಯಲ್ಲಿ ಮನೆಗೆ ನಿಜವಾಗಿ ದಕ್ಕುವುದು ದಿಕ್ಕಿನ ಮಾತು ಮಾತ್ರ. 2026ರಲ್ಲಿ ತಾಯ್ ಸುಯಿ, ಅಂದರೆ ವರ್ಷದ ಅಧಿದೇವತೆ, ಇರುವುದು ದಕ್ಷಿಣದಲ್ಲಿ, ಕುದುರೆಯ 15 ಡಿಗ್ರಿಯಲ್ಲಿ (172.5ರಿಂದ 187.5). ಅದಕ್ಕೆದುರಾಗಿ ಉತ್ತರದಲ್ಲಿ ಸಾನ್ ಶಾ, ಅಂದರೆ 'ಮೂರು ಹತ್ಯೆ'. ಗೋಡೆ ಒಡೆಸುವುದು, ಡ್ರಿಲ್ ಹಾಕಿಸುವುದು ಈ ಎರಡು ಬದಿಗಳಲ್ಲಿ ಬೇಡ ಎನ್ನುತ್ತದೆ ಸಂಪ್ರದಾಯ. 'ಈ ತಿಂಗಳು ಮೊಲದವರಿಗೆ ಧನಲಾಭ' ಎಂಬಂಥ ಸಾಲುಗಳನ್ನು ಬಿಟ್ಟರೆ ಏನೂ ನಷ್ಟವಿಲ್ಲ.

ಎರಡನೆಯದು ಬಾಗಿಲಿನ ಬಾಗುವಾ, ಅಂದರೆ ಮನೆಯ ಒಂದೊಂದು ಭಾಗವನ್ನು ಬದುಕಿನ ಒಂದೊಂದು ವಿಷಯಕ್ಕೆ ಹಂಚುವ ನಕ್ಷೆ. ಲಿನ್ ಯುನ್ ಎಂಬ ಗುರು ಅಮೆರಿಕದಲ್ಲಿ ಬೆಳೆಸಿದ ಬ್ಲ್ಯಾಕ್ ಹ್ಯಾಟ್ ಎಂಬ ಫೆಂಗ್ ಶೂಯಿ ಪಂಥದ್ದು. ಕಂಪಾಸ್ ಬೇಕಿಲ್ಲ: ಬಾಗಿಲಲ್ಲಿ ಒಳಮುಖವಾಗಿ ನಿಂತರೆ ದೂರದ ಎಡ ಮೂಲೆ ಸಂಪತ್ತು, ದೂರದ ಬಲ ಮೂಲೆ ಸಂಬಂಧ. ಐದು ನಿಮಿಷದ ಕೆಲಸ, ಇಬ್ಬರಿಗೂ ಒಂದೇ ಉತ್ತರ. ಆದರೆ ಈ ನಕ್ಷೆಗೆ ತಿಂಗಳು ಎಂಬುದೇ ಇಲ್ಲ; ಜನವರಿಯ ಸಂಪತ್ತಿನ ಮೂಲೆ ಡಿಸೆಂಬರಿನಲ್ಲೂ ಅಲ್ಲೇ. ಇದರ ಮೇಲೆ ಮುಂದೆ ಹೇಳುವ ಮೂರನೆಯ ಪದ್ಧತಿಯ ತಿಂಗಳ ಸಂಖ್ಯೆಗಳನ್ನು ಕೂರಿಸಿ ಮಾರುವವರು ಎರಡು ಬೇರೆ ಶಾಸ್ತ್ರಗಳನ್ನು ಕಲಸಿದ್ದಾರೆ ಎಂದೇ ಅರ್ಥ.

ಮೂರನೆಯದು ಕಂಪಾಸಿನ ನಕ್ಷೆ, ಫ್ಲೈಯಿಂಗ್ ಸ್ಟಾರ್: ಮಧ್ಯಕ್ಕೊಂದು, ಎಂಟು ದಿಕ್ಕಿಗೆ ಎಂಟು, ಹೀಗೆ ಒಂಬತ್ತು ಮನೆಗಳಲ್ಲಿ 1ರಿಂದ 9ರವರೆಗಿನ ಸಂಖ್ಯೆಗಳು ಜಾಗ ಬದಲಿಸುತ್ತ ಹೋಗುತ್ತವೆ; ವರ್ಷಕ್ಕೊಂದು ನಕ್ಷೆ, ತಿಂಗಳಿಗೊಂದು ನಕ್ಷೆ. ಕಷ್ಟ ಇದರಲ್ಲೇ ಹೆಚ್ಚು, ಆದರೆ ತಪ್ಪನ್ನು ಹಿಡಿದು ತೋರಿಸಬಹುದಾದ್ದೂ ಇದೊಂದೇ. ಇಲಿ, ಮೊಲ, ಕುದುರೆ, ಹುಂಜದ ವರ್ಷಗಳಲ್ಲಿ ಮೊದಲ ತಿಂಗಳ ಮಧ್ಯದ ಮನೆಗೆ 8 ಬರುತ್ತದೆ; ಎತ್ತು, ಡ್ರ್ಯಾಗನ್, ಕುರಿ, ನಾಯಿಯ ವರ್ಷಗಳಲ್ಲಿ 5; ಹುಲಿ, ಹಾವು, ಕೋತಿ, ಹಂದಿಯ ವರ್ಷಗಳಲ್ಲಿ 2. ಆಮೇಲೆ ತಿಂಗಳಿಗೊಂದರಂತೆ ಇಳಿಯುತ್ತದೆ, 1 ಆದ ಮೇಲೆ 9. ಮಧ್ಯದ ಸಂಖ್ಯೆ ಸಿಕ್ಕಿತೆಂದರೆ ಉಳಿದವನ್ನು ಏರಿಕೆಯಲ್ಲಿ ವಾಯವ್ಯ, ಪಶ್ಚಿಮ, ಈಶಾನ್ಯ, ದಕ್ಷಿಣ, ಉತ್ತರ, ನೈಋತ್ಯ, ಪೂರ್ವ, ಆಗ್ನೇಯ ಎಂಬ ಕ್ರಮದಲ್ಲಿ ತುಂಬುತ್ತ ಹೋದರಾಯಿತು. ಹುಡುಕಬೇಕಾದ್ದು ಮುಖ್ಯವಾಗಿ ಎರಡು: ವಿಘ್ನದ 5, ಕಾಯಿಲೆಯ 2. ಚೀನೀ ನಕ್ಷೆಯಲ್ಲಿ ದಕ್ಷಿಣ ಮೇಲೆ ಇರುತ್ತದೆ. ನಮ್ಮ ಸೈಟ್ ಪ್ಲಾನಿನಲ್ಲಿ ಉತ್ತರ ಮೇಲೆ. ತಿರುಗಿಸದೆ ನಕಲು ಮಾಡಿದರೆ ಇಡೀ ಮನೆ ತಲೆಕೆಳಗು. ನಾವು ಕಂಡ ತಪ್ಪುಗಳಲ್ಲಿ ಇದೇ ಮೊದಲನೆಯದು.

ಎರಡನೆಯ ತಪ್ಪು ತಾರೀಖಿನದು. ಈ ನಕ್ಷೆಯ ತಿಂಗಳು ಒಂದನೇ ತಾರೀಖಿಗೂ ಶುರುವಾಗದು, ಅಮಾವಾಸ್ಯೆಗೂ ಶುರುವಾಗದು. ಸೂರ್ಯನ ಲೆಕ್ಕದಲ್ಲಿ ಸಾಮಾನ್ಯವಾಗಿ 4ರಿಂದ 8ನೇ ತಾರೀಖಿನೊಳಗೆ ಬದಲಾಗುತ್ತದೆ. ನಮ್ಮ ಸಂಕ್ರಮಣಕ್ಕಿಂತ 9-10 ದಿನ ಮೊದಲು ಎಂದು ನೆನಪಿಟ್ಟರೆ ಸಾಕು: ಚೀನೀಯರದು ಏಪ್ರಿಲ್ 5, ನಮ್ಮ ಮೇಷ ಸಂಕ್ರಮಣ 14. ಅವರದು ಸಾಯನ ಲೆಕ್ಕ (ವಿಷುವ ಬಿಂದುವಿನಿಂದ ಎಣಿಸುವುದು), ರಾಶಿಯ ನಡುವೆ 15 ಡಿಗ್ರಿಗೆ ತಿಂಗಳು ಕತ್ತರಿಸುತ್ತಾರೆ. ನಮ್ಮದು ನಿರಯಣ (ನಕ್ಷತ್ರಗಳಿಂದ ಎಣಿಸುವುದು), ಎರಡರ ನಡುವಿನ ಅಂತರವಾದ ಅಯನಾಂಶ ಸುಮಾರು 24 ಡಿಗ್ರಿ. 24ರಲ್ಲಿ 15 ಕಳೆದರೆ ಉಳಿಯುವುದು 9. ಪಂಚಾಂಗದ ಗಂಟೆ ಬೀಜಿಂಗಿನದಾದರೆ ಎರಡೂವರೆ ಗಂಟೆ ಕಳೆಯಬೇಕು. 2026ರ ಲಿ ಚುನ್ ಅಲ್ಲಿ ಫೆಬ್ರವರಿ 4ರ ಬೆಳಗಿನ ಜಾವ 4:02ಕ್ಕೆ, ನಮ್ಮಲ್ಲಿ 1:32ಕ್ಕೆ.

ದಿಕ್ಕು ಹಿಡಿಯುವ ಸಾಧನಕ್ಕೆ ಬಂದರೆ, ಲುವೊಪಾನ್ ಎಂಬ ಫೆಂಗ್ ಶೂಯಿ ಕಂಪಾಸ್ ಕೊಂಡು ದುಡ್ಡು ಸುರಿಯುವ ಅಗತ್ಯ ಮನೆಮಟ್ಟಿಗೆ ಇಲ್ಲ. ಅದರ 24 'ಪರ್ವತ'ಗಳ ಉಂಗುರ ಬೇಕಾಗುವುದು ಮನೆಯ ಜನ್ಮಕುಂಡಲಿಗೆ; ತಿಂಗಳ ನಕ್ಷೆಗೆ 45 ಡಿಗ್ರಿಯ ಎಂಟು ದಿಕ್ಕು ಸಾಕು. ಟ್ರೆಕ್ಕಿಂಗ್‌ನವರು ಬಳಸುವ ದ್ರವ ತುಂಬಿದ ಕಂಪಾಸ್ ಚೆನ್ನಾಗಿ ನಿಲ್ಲುತ್ತದೆ. ಫೋನ್ ಕೂಡ ನಡೆಯುತ್ತದೆ, ಆದರೆ ಮ್ಯಾಗ್ನೆಟ್ ಇರುವ ಕವರ್ ತೆಗೆಯಬೇಕು, ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಬೇಕು, ಸೆಟ್ಟಿಂಗ್‌ನಲ್ಲಿ 'ಟ್ರೂ ನಾರ್ತ್' ಆಫ್ ಮಾಡಬೇಕು. ಕಬ್ಬಿಣದ ಗ್ರಿಲ್, ಷಟರ್, ಇನ್ವರ್ಟರ್ ಬ್ಯಾಟರಿ, ಕಂಬದೊಳಗಿನ ಸರಳು, ಎಲ್ಲವೂ ಮುಳ್ಳನ್ನು ಎಳೆಯುತ್ತವೆ. ಬಾಗಿಲಲ್ಲೇ ನಿಂತು ಒಂದು ಸಲ ನೋಡಿ ಬರೆದುಕೊಳ್ಳಬೇಡಿ. ಮೂರು ಕಡೆ ನೋಡಿ, ಒಂದು ತಾರಸಿಯ ಬಯಲಲ್ಲಿರಲಿ; ಆಮೇಲೆ ಉಪಗ್ರಹ ನಕ್ಷೆಯಲ್ಲಿ ಚಾವಣಿ ಎಷ್ಟು ವಾರೆ ಇದೆಯೋ ಅದಕ್ಕೆ ತಾಳೆ ಹಾಕಿ. ಬೆಂಗಳೂರಿನಲ್ಲಿ ನಿಜ ಉತ್ತರಕ್ಕೂ ಕಂಪಾಸಿನ ಉತ್ತರಕ್ಕೂ ಒಂದೆರಡು ಡಿಗ್ರಿ ಅಂತರ ಅಷ್ಟೇ, ಐದು ದಾಟಿದರೆ ಅದು ಕಬ್ಬಿಣದ ಕೆಲಸ. ನ್ಯೂಜೆರ್ಸಿಯಲ್ಲೋ ಸ್ಯಾನ್ ಫ್ರಾನ್ಸಿಸ್ಕೊ ಕಡೆಯಲ್ಲೋ ಇರುವ ನಮ್ಮವರಿಗೆ ಈ ಅಂತರವೇ ಹನ್ನೆರಡು-ಹದಿಮೂರು ಡಿಗ್ರಿ. ಅಲ್ಲಿ ನಕ್ಷೆ ನಂಬಿ ಕಂಪಾಸ್ ಬಿಟ್ಟರೆ ಮೂಲೆಯೇ ಬದಲಾದೀತು.

ಮನೆಯನ್ನು ಭಾಗ ಮಾಡುವಲ್ಲಿ ಎರಡು ಪಕ್ಷ. ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ, ದಿಕ್ಕಿಗೆ ನೇರವಾಗಿ ಕೂತ ಮನೆ ಎಂದುಕೊಳ್ಳಿ. ಒಂಬತ್ತು ಚೌಕ ಮಾಡಿದರೆ ಒಂದೊಂದು 10 ಅಡಿಗೆ 13 ಅಡಿ 4 ಅಂಗುಲ. ನಟ್ಟನಡುವಿನಿಂದ ಎಂಟು ಹೋಳು ಮಾಡಿದರೆ ಉತ್ತರದ ಗೋಡೆಯಲ್ಲಿ ಉತ್ತರದ ಪಾಲು ಹದಿನಾರೂವರೆ ಅಡಿ, ಎರಡು ಮೂಲೆಗಳಿಗೆ ಉಳಿಯುವುದು ತಲಾ ಆರೂಮುಕ್ಕಾಲು. ಆ ಗೋಡೆಗೆ ಅಂಟಿಕೊಂಡ ಬಚ್ಚಲಿನ ಬಾಗಿಲು ವಾಯವ್ಯದ ಮೂಲೆಯಿಂದ 8 ಅಡಿಯಲ್ಲಿದ್ದರೆ ಚೌಕದ ಲೆಕ್ಕದಲ್ಲಿ ವಾಯವ್ಯ, ಹೋಳಿನ ಲೆಕ್ಕದಲ್ಲಿ ಉತ್ತರ. ನಮ್ಮ ಮತ ಚೌಕಕ್ಕೆ. ಮೇ 5ರಿಂದ ಜೂನ್ 5ರವರೆಗೆ 5 ಮಧ್ಯದಲ್ಲಿ ಕೂರುತ್ತದೆ. ಹೋಳಿನಲ್ಲಿ ಮಧ್ಯ ಬರೀ ಚುಕ್ಕೆ, ಅದನ್ನು ಇಡಲು ಜಾಗವೇ ಇಲ್ಲ. ಮನೆ ಇಪ್ಪತ್ತು ಡಿಗ್ರಿ ವಾರೆಯಿದ್ದರೆ ಮಾತ್ರ ಹೋಳು ಹೆಚ್ಚು ಸರಿ ಹೊಂದುತ್ತದೆ.

ಪರಿಹಾರಗಳಲ್ಲಿ ಉಪ್ಪುನೀರಿಗೂ ಗಾಳಿಗಂಟೆಗೂ ಪೈಪೋಟಿ. 5 ಮತ್ತು 2 ಎರಡೂ ಭೂತತ್ವ. ಲೋಹ ಅದರ ಕಸುವು ಬಸಿಯುತ್ತದೆ, ಬೆಂಕಿ ಅದನ್ನು ಕೊಬ್ಬಿಸುತ್ತದೆ. ಉಪ್ಪುನೀರಿಗೆ ಗಾಜಿನ ಲೋಟದಲ್ಲಿ ಮುಕ್ಕಾಲು ಭಾಗ ಕಲ್ಲುಪ್ಪು ಹಾಕಿ, ಮೇಲೆ ಚೌಕ ತೂತಿನ ಆರು ಚೀನೀ ನಾಣ್ಯವನ್ನು ನಾಲ್ಕು ಅಕ್ಷರದ ಮುಖ ಮೇಲಾಗಿ ಇಟ್ಟು, ಕಂಠದವರೆಗೆ ನೀರು ತುಂಬಿ, ಮುಚ್ಚದೆ ಬಿಡುತ್ತಾರೆ. ಕೆಲವೇ ವಾರಗಳಲ್ಲಿ ಉಪ್ಪು ಲೋಟದ ಅಂಚು ಹತ್ತಿ ಹೊರಗೆ ಇಳಿಯುತ್ತದೆ. ಅದು 'ದೋಷ ಹೀರಿದ್ದು' ಅಲ್ಲ, ನೀರು ಆರಿದಂತೆ ಹರಳು ಕಟ್ಟಿಕೊಂಡು ತೆವಳುವುದಷ್ಟೇ. ಅಗಲ ಪಿಂಗಾಣಿ ತಟ್ಟೆ ಇಡದಿದ್ದರೆ ಟೀಪಾಯಿ ಹಾಳು, ಪಕ್ಕದ ಗಾಡ್ರೇಜ್ ಬೀರುವಿಗೆ ತುಕ್ಕು. ಗಾಳಿಗಂಟೆಯಾದರೆ ಆರು ಕೊಳವೆಯ ಲೋಹದ್ದೇ ಬೇಕು. ಅಂಗಡಿಯವರು ಕೊಡುವ ಬಿದಿರಿನದು ಮರ, ಇಲ್ಲಿ ಕೆಲಸಕ್ಕೆ ಬಾರದು. ಗಾಳಿ ಬಾರದ ಕೋಣೆಯಲ್ಲಿ ಅದು ಮೂಗಬಸವ, ಬಾಲ್ಕನಿಯಲ್ಲಿ ಪಕ್ಕದ ಮನೆಯವರ ಜಗಳ. ಲೋಹವೇ ಬೇಕೆಂದಮೇಲೆ ಅಟ್ಟದ ಮೇಲಿನ ಹಿತ್ತಾಳೆ ಹಂಡೆಯನ್ನು ಇಳಿಸಿ ಅಲ್ಲಿಟ್ಟರೆ ಆಯಿತು. ಖರ್ಚೂ ಇಲ್ಲ, ಉಪ್ಪಿನ ಕಾಟವೂ ಇಲ್ಲ.

2026ರಲ್ಲಿ ಗಟ್ಟಿಯಾಗಿ ಗುರುತು ಹಾಕಿಕೊಳ್ಳಬೇಕಾದ್ದು ಸೆಪ್ಟೆಂಬರ್ 7ರಿಂದ ಅಕ್ಟೋಬರ್ 8. ವರ್ಷದ ನಕ್ಷೆಯ ಮಧ್ಯದಲ್ಲೂ ತಿಂಗಳ ನಕ್ಷೆಯ ಮಧ್ಯದಲ್ಲೂ 1 ಇರುವುದರಿಂದ ಎರಡು ನಕ್ಷೆಗಳೂ ಒಂದರ ಮೇಲೊಂದು ಕೂರುತ್ತವೆ: ದಕ್ಷಿಣದಲ್ಲಿ ಜೋಡಿ 5, ವಾಯವ್ಯದಲ್ಲಿ ಜೋಡಿ 2. ದಸರೆಗೆ ಮುಂಚೆ ಗೋಡೆ ಕೊರೆಸುವ, ಬಣ್ಣ ಬಳಿಸುವ ಕಾಲವೂ ಅದೇ. ದಕ್ಷಿಣದ ಕೋಣೆಯ ಡ್ರಿಲ್ ಕೆಲಸವನ್ನು ವರ್ಷವಿಡೀ ತಪ್ಪಿಸಲಾಗದಿದ್ದರೆ ಕೊನೇಪಕ್ಷ ಅಕ್ಟೋಬರ್ 8ರ ನಂತರಕ್ಕೆ ತಳ್ಳಿ. ಅಲ್ಲಿ ಕೆಂಪು ಪರದೆ, ಸದಾ ಉರಿಯುವ ಕೆಂಪು ಬಲ್ಬು ಇದ್ದರೆ ಆ ತಿಂಗಳು ತೆಗೆಯಿರಿ. ಅದರ ಹಿಂದಿನ ತಿಂಗಳು, ಆಗಸ್ಟ್ 7ರಿಂದ, 5 ಈಶಾನ್ಯದಲ್ಲಿ. ನಮ್ಮಲ್ಲಿ ಅದು ದೇವರ ಮನೆಯ ಮೂಲೆ, ದೀಪವೆಂದರೆ ಬೆಂಕಿ. ಹೆದರಿ ದೀಪ ನಿಲ್ಲಿಸಿದವರಿದ್ದಾರೆ. ನಿಲ್ಲಿಸಬೇಕಿಲ್ಲ: ಹೊತ್ತಿಗೆ ಸರಿಯಾಗಿ ಹಚ್ಚುವ ಬತ್ತಿ ಬೇರೆ, ಇಪ್ಪತ್ನಾಲ್ಕು ಗಂಟೆ ಮಿನುಗುವ ಸೀರಿಯಲ್ ಸೆಟ್ ಬೇರೆ. ಸೀರಿಯಲ್ ಸೆಟ್ ಆರಿಸಿ. ಗಂಟೆ, ಪಂಚಪಾತ್ರೆ, ಉದ್ಧರಣೆ ಇದ್ದಲ್ಲೇ ಇರಲಿ, ಬೇಕಾದ ಲೋಹ ಆಗಲೇ ಅಲ್ಲಿದೆ.